ಎರಡು ಸಲ ಅರಮನೆ ತೊರೆದ ಸಂತ ಜಾನ್ ಡಿ ಬ್ರಿಟ್ಟೊ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸುವಾಗ ಅದರ ಮಕ್ಕಳು ಹಿಂದಿರುಗಿ ನೋಡುವುದು ಸಹಜ. ಅಡಿಗಲ್ಲನ್ನಿಟ್ಟವರು ಯಾರು, ಗಂಟೆಯನ್ನು ತರಿಸಿದವರು ಯಾರು, ಮೊದಲ ಬಲಿಪೂಜೆಯನ್ನು ಅರ್ಪಿಸಿದವರು ಯಾರು ಎಂಬ ವಿವರಗಳನ್ನು ಓದುಗರು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಕಾಣುವಿರಿ. ನಮ್ಮ ಪಾಲಿಗೆ ಬಂದಿರುವ ಈ ಕೆಲವು ಪುಟಗಳಲ್ಲಿ ನಾವು ನಮ್ಮ ಊರಿನವರಲ್ಲದ, ಆದರೆ ನಮ್ಮ ನೆರೆನಾಡಿನ ಮಣ್ಣಿನಲ್ಲಿ ರಕ್ತ ಸುರಿಸಿದ ಒಬ್ಬ ಮಹನೀಯರ ಜೀವನವನ್ನು ನಿರೂಪಿಸಬಯಸುತ್ತೇವೆ. ಅವರು ಸಂತ ಜಾನ್ ಡಿ ಬ್ರಿಟ್ಟೊ. ತಮಿಳುನಾಡಿನ ವಿಶ್ವಾಸಿಗಳು ಅವರನ್ನು ಅರುಳಾನಂದರ್ ಎಂದು ಪ್ರೀತಿಯಿಂದ ಕರೆಯುತ್ತಾರೆ.

ಈ ಸಂದರ್ಭಕ್ಕೆ ಈ ಸಂತರೇ ಏಕೆ ಎಂದು ಕೆಲವರು ಕೇಳಬಹುದು. ಸುಖದ ಬಾಳು ಒಂದು ಕಡೆ, ಶಿಲುಬೆಯ ಹಾದಿ ಇನ್ನೊಂದು ಕಡೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಸಂಗ ಪ್ರತಿಯೊಬ್ಬ ಕ್ರೈಸ್ತನಿಗೂ ಒದಗುತ್ತದೆ. ಒಮ್ಮೆ ಆರಿಸಿಕೊಂಡರೆ ಮುಗಿಯಿತು, ಮುಂದೆ ಅದೇ ದಾರಿಯಲ್ಲಿ ಕಾಲು ತಾನಾಗಿಯೇ ನಡೆಯುತ್ತದೆ ಎಂದು ನಾವು ಬಹುಮಟ್ಟಿಗೆ ನಂಬಿದ್ದೇವೆ. ಜಾನ್ ಡಿ ಬ್ರಿಟ್ಟೊರವರ ಬದುಕು ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ. ತೊರೆದು ಬಂದ ಅರಮನೆ ಅವರನ್ನು ಮತ್ತೊಮ್ಮೆ ಕೈಬೀಸಿ ಕರೆಯಿತು. ಅವರು ಮತ್ತೊಮ್ಮೆ ತೊರೆಯಬೇಕಾಯಿತು. ನೂರು ವರ್ಷ ತುಂಬಿದ ಧರ್ಮಕೇಂದ್ರದ ಮಕ್ಕಳಾದ ನಾವು ಧ್ಯಾನಿಸಬೇಕಾದ ವಿಷಯ ಈ ಎರಡನೆಯ ಆಯ್ಕೆಯೇ ಆಗಿದೆ.

ಅರಮನೆಯ ಬಾಲಕ

ಜಾನ್ ಡಿ ಬ್ರಿಟ್ಟೊ ಜನಿಸಿದ್ದು 1647ನೆಯ ಇಸವಿಯ ಮಾರ್ಚ್ 1ರಂದು, ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ ನಗರದಲ್ಲಿ. ಸ್ಪೇನಿನ ಅರಸರ ಅಧೀನದಲ್ಲಿದ್ದ ಪೋರ್ಚುಗಲ್ 1640ರಲ್ಲಿ ಮತ್ತೆ ಸ್ವತಂತ್ರವಾಗಿ, ಬ್ರಗಾನ್ಸ ಮನೆತನದವರು ಸಿಂಹಾಸನವನ್ನು ಏರಿದ್ದರು. ಬ್ರಿಟ್ಟೊ ಮನೆತನ ಆ ಹೊಸ ಅರಸರಿಗೆ ನಿಷ್ಠವಾದ ದೊಡ್ಡ ಮನೆತನ. ತಂದೆ ಸಾಲ್ವದೋರ್ ಡಿ ಬ್ರಿಟ್ಟೊ ಪೆರೆಯ್ರಾ ಅರಸರ ಅಧಿಕಾರಿಯಾಗಿ ಸಮುದ್ರದಾಚೆಯ ಬ್ರಜಿಲ್ ದೇಶಕ್ಕೆ ಹೋದವರು ಅಲ್ಲಿಯೇ ತೀರಿಕೊಂಡರು. ಆಗ ಜಾನ್ ಇನ್ನೂ ಚಿಕ್ಕ ಮಗು. ಮಕ್ಕಳನ್ನು ಸಾಕಿ ಸಲಹುವ ಭಾರ ವಿಧವೆಯಾದ ತಾಯಿಯ ಮೇಲೆ ಬಿದ್ದಿತು. ಆಕೆ ದೈವಭಕ್ತೆ, ಮಕ್ಕಳಿಗೆ ಮೊದಲು ಕಲಿಸಿದ್ದು ಜಪತಪಗಳನ್ನು.

ಅರಸರು ಈ ಕುಟುಂಬವನ್ನು ಮರೆಯಲಿಲ್ಲ. ಬಾಲಕ ಜಾನ್ ಅರಮನೆಗೆ ಬಂದು ರಾಜಕುಮಾರ ಪೆದ್ರೊವಿನ ಸಂಗಡಿಗನಾದನು. ಪೆದ್ರೊ ವಯಸ್ಸಿನಲ್ಲಿ ಒಂದು ವರ್ಷ ಕಿರಿಯ. ಇಬ್ಬರೂ ಒಟ್ಟಿಗೆ ಓದಿದರು, ಒಟ್ಟಿಗೆ ಆಡಿದರು. ಮುಂದೆ ಅದೇ ಪೆದ್ರೊ ದೇಶದ ಅರಸನಾಗಲಿದ್ದನು. ಅರಸನ ಬಾಲ್ಯಸ್ನೇಹಿತನಿಗೆ ಯಾವ ಪದವಿ ತಾನೆ ದೂರ? ಜಾನ್ ಏನೂ ಮಾಡದೆ ಸುಮ್ಮನಿದ್ದರೂ ಸಾಕಿತ್ತು. ಸಂಪತ್ತು, ಅಧಿಕಾರ, ಮರ್ಯಾದೆ ಇವೆಲ್ಲ ತಾವಾಗಿಯೇ ಬಂದು ಸೇರುತ್ತಿದ್ದವು. ಅರಮನೆಯ ಇತರ ಹುಡುಗರು ಅವನ ಭಕ್ತಿಯನ್ನು ಕಂಡು ಗೇಲಿ ಮಾಡುತ್ತಿದ್ದರೆಂದೂ, ಅವನನ್ನು ರಕ್ತಸಾಕ್ಷಿಯೆಂದು ಹಾಸ್ಯಕ್ಕೆ ಕರೆಯುತ್ತಿದ್ದರೆಂದೂ ಚರಿತ್ರಕಾರರು ಬರೆದಿದ್ದಾರೆ. ಆ ಹುಡುಗರಿಗೆ ತಾವು ಏನನ್ನು ನುಡಿಯುತ್ತಿದ್ದೇವೆಂಬ ಅರಿವು ಇರಲಿಲ್ಲ.

ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ ಜಾನನಿಗೆ ಕಠಿಣವಾದ ಕಾಯಿಲೆ ಬಂದಿತು. ವೈದ್ಯರು ಕೈಚೆಲ್ಲಿದರು. ತಾಯಿ ಸಂತ ಫ್ರಾನ್ಸಿಸ್ ಝೇವಿಯರರಿಗೆ ಮೊರೆಯಿಟ್ಟು ಹರಕೆ ಹೊತ್ತಳು. ಮಗ ಉಳಿದರೆ ಒಂದು ವರ್ಷ ಕಾಲ ಅವನಿಗೆ ಯೇಸುಸಭೆಯವರ ನಿಲುವಂಗಿಯನ್ನು ತೊಡಿಸುವುದಾಗಿ ಆಕೆಯ ಹರಕೆ. ಮಗ ಗುಣವಾದನು. ಅರಮನೆಯ ರೇಷ್ಮೆಯ ನಡುವೆ ಆ ಪುಟ್ಟ ಕರಿಯ ನಿಲುವಂಗಿ ಒಂದು ವರ್ಷ ಓಡಾಡಿತು. ಹರಕೆ ತೀರಿತೆಂದು ತಾಯಿ ಭಾವಿಸಿದಳು. ಆದರೆ ಮಗನ ಮನಸ್ಸು ಆ ಬಟ್ಟೆಯನ್ನು ಬಿಚ್ಚಿಡಲಿಲ್ಲ.

ಮೊದಲನೆಯ ಆಯ್ಕೆ

1662ನೆಯ ಇಸವಿಯ ಡಿಸೆಂಬರ್ 17ರಂದು, ತನ್ನ 15ನೆಯ ವಯಸ್ಸಿನಲ್ಲಿ, ಜಾನ್ ಲಿಸ್ಬನ್ನಿನಲ್ಲಿದ್ದ ಯೇಸುಸಭೆಯ ನವಶಿಷ್ಯಾಲಯವನ್ನು ಸೇರಿದರು. ಇಲ್ಲಿಂದ ಮುಂದೆ ನಾವು ಅವರನ್ನು ಬಹುವಚನದಲ್ಲಿಯೇ ಕರೆಯುವುದು ಯುಕ್ತ. ಎವೊರಾ ಮತ್ತು ಕೊಯಿಂಬ್ರಾ ನಗರಗಳಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಬುದ್ಧಿವಂತರಾದ್ದರಿಂದ ಪೋರ್ಚುಗಲ್ಲಿನ ವಿದ್ಯಾಲಯಗಳಲ್ಲಿಯೇ ಅಧ್ಯಾಪಕರಾಗಿ ನೆಮ್ಮದಿಯ ಜೀವನ ನಡೆಸಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ತಮ್ಮನ್ನು ಉಳಿಸಿದ ಸಂತ ಝೇವಿಯರರು ದುಡಿದ ಭಾರತ ದೇಶದ ಮೇಲೆ ಅವರ ಮನಸ್ಸು ನೆಟ್ಟಿತ್ತು. 1668ರಲ್ಲಿ ಅವರು ಯೇಸುಸಭೆಯ ಮಹಾ ಶ್ರೇಷ್ಠರಿಗೆ ಪತ್ರ ಬರೆದು, ತಮ್ಮನ್ನು ಭಾರತಕ್ಕೆ ಕಳುಹಿಸಬೇಕೆಂದು ಬೇಡಿಕೊಂಡರು.

ಈಗ ತಾಯಿ ಅಡ್ಡಬಂದಳು. ಮಗ ಗುರುವಾಗುವುದು ಆಕೆಗೆ ಸಮ್ಮತವೇ ಆಗಿತ್ತು. ಕಣ್ಣಿಗೆ ಕಾಣದ ನಾಡಿಗೆ ಹೊರಟುಹೋಗುವುದು ಸಮ್ಮತವಿರಲಿಲ್ಲ. ಆ ಕಾಲದಲ್ಲಿ ಲಿಸ್ಬನ್ನಿನಿಂದ ಗೋವೆಗೆ ಬರಲು ಆಫ್ರಿಕಾ ಖಂಡವನ್ನು ಬಳಸಿಕೊಂಡು ಆರೇಳು ತಿಂಗಳು ಹಡಗಿನಲ್ಲಿ ಪ್ರಯಾಣ ಮಾಡಬೇಕಿತ್ತು. ದಾರಿಯಲ್ಲಿ ಜ್ವರದಿಂದಲೂ ಬಿರುಗಾಳಿಯಿಂದಲೂ ಸತ್ತವರು ಅನೇಕರು. ಬಂದವರಲ್ಲಿ ಹಿಂದಿರುಗಿದವರು ವಿರಳ. ಪತಿಯನ್ನು ಸಮುದ್ರದಾಚೆಯಲ್ಲಿ ಕಳೆದುಕೊಂಡಿದ್ದ ಆ ತಾಯಿ ಮಗನನ್ನು ತಡೆಯಲು ಸಭೆಯ ಶ್ರೇಷ್ಠರ ಬಳಿಗೂ, ಜಗದ್ಗುರುಗಳ ರಾಯಭಾರಿಯ ಬಳಿಗೂ ಹೋದಳು. ಆಕೆಯನ್ನು ನಾವು ದೂಷಿಸಲಾರೆವು. ಮಕ್ಕಳನ್ನು ದೇವರ ಸೇವೆಗೆ ಕೊಟ್ಟ ನಮ್ಮ ಊರಿನ ತಾಯಂದಿರಿಗೂ ಈ ಸಂಕಟ ತಿಳಿಯದ್ದೇನಲ್ಲ. ಲೋಕದಿಂದ ತಮ್ಮನ್ನು ಸಭೆಗೆ ಕರೆದ ದೇವರೇ ಈಗ ಪೋರ್ಚುಗಲ್ಲಿನಿಂದ ಭಾರತಕ್ಕೆ ಕರೆಯುತ್ತಿದ್ದಾರೆ ಎಂಬುದು ಮಗನ ಉತ್ತರವಾಗಿತ್ತು. 1673ರ ಆರಂಭದಲ್ಲಿ ಗುರುಪಟ್ಟ ಸ್ವೀಕರಿಸಿ, ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಅವರು ಹಡಗನ್ನೇರಿದರು. ಸೆಪ್ಟೆಂಬರಿನಲ್ಲಿ ಗೋವೆಯನ್ನು ಮುಟ್ಟಿದರು.

ಕಾವಿಯುಟ್ಟ ಅರುಳಾನಂದರ್

ಗೋವೆ ಆಗ ಪೋರ್ಚುಗೀಸರ ವಶದಲ್ಲಿದ್ದ ವೈಭವದ ಪಟ್ಟಣ. ಸಂತ ಝೇವಿಯರರ ಪವಿತ್ರ ಶರೀರವೂ ಅಲ್ಲಿಯೇ ಇತ್ತು. ಅಲ್ಲಿ ಉಳಿದಿದ್ದರೂ ಬ್ರಿಟ್ಟೊರವರನ್ನು ಯಾರೂ ಹಗುರವಾಗಿ ಕಾಣುತ್ತಿರಲಿಲ್ಲ. ಆದರೆ ಅವರು ದೈವಶಾಸ್ತ್ರದ ವ್ಯಾಸಂಗವನ್ನು ಮುಗಿಸಿಕೊಂಡು 1674ರಲ್ಲಿ ದಕ್ಷಿಣಕ್ಕೆ ಹೊರಟರು. ಕೇರಳದ ಅಂಬಳಕಾಡಿನಲ್ಲಿ ಸ್ವಲ್ಪ ಕಾಲವಿದ್ದು, ಬಳಿಕ ಕಾಲ್ನಡಿಗೆಯಲ್ಲಿ ಘಟ್ಟವನ್ನು ದಾಟಿ, ಮಧುರೈ ಮಿಷನ್ನಿಗೆ ಸೇರಿದ ಕೊಲೈ ಎಂಬ ಊರನ್ನು ತಲುಪಿದರು.

ಈ ಮಧುರೈ ಮಿಷನ್ನನ್ನು 1606ರಲ್ಲಿ ಆರಂಭಿಸಿದವರು ಇಟಲಿಯ ರಾಬರ್ಟ್ ಡಿ ನೊಬಿಲಿಯವರು. ಪರಂಗಿಯವರ ಉಡುಪು, ಮಾಂಸ ಮದ್ಯಗಳ ಊಟ, ಪರಂಗಿಯವರ ರೀತಿನೀತಿ ಇವೆಲ್ಲ ಶುಭಸಂದೇಶಕ್ಕೆ ಅಡ್ಡಗೋಡೆಯಾಗಿ ನಿಂತಿರುವುದನ್ನು ಕಂಡು, ಅವರು ಸನ್ಯಾಸಿಯ ವೇಷವನ್ನೂ ನಿಯಮಗಳನ್ನೂ ಸ್ವೀಕರಿಸಿದರು. ಇದೇ ಹಾದಿಯಲ್ಲಿ 17ನೆಯ ಶತಮಾನದ ನಡುಭಾಗದಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಗುರುಗಳು ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು, ಕಾವಿಯುಟ್ಟು, ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥಗಳನ್ನು ರಚಿಸಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಆದುದರಿಂದ ಬ್ರಿಟ್ಟೊರವರು ನಮಗೆ ಅಪರಿಚಿತರಲ್ಲ. ನಮ್ಮ ವಿಶ್ವಾಸದ ಪೂರ್ವಜರಿಗೆ ಅವರು ಒಡಹುಟ್ಟಿದವರಂತೆ.

ಬ್ರಿಟ್ಟೊರವರು ಪಂಡಾರಸ್ವಾಮಿಯ ಜೀವನವನ್ನು ಆರಿಸಿಕೊಂಡರು. ಪಂಡಾರಸ್ವಾಮಿಗಳು ಉನ್ನತ ಜಾತಿಯವರೊಡನೆಯೂ ಕೆಳಗಿನವರೆಂದು ಸಮಾಜ ದೂರವಿಟ್ಟವರೊಡನೆಯೂ ಬೆರೆಯಲು ಅವಕಾಶವಿತ್ತು. ಕಾವಿಯ ಬಟ್ಟೆ, ಕೈಯಲ್ಲಿ ಕೋಲು, ಮಲಗಲು ನೆಲ. ಅನ್ನ, ಬೇಳೆ, ಸೊಪ್ಪು ತರಕಾರಿಗಳಷ್ಟೇ ಊಟ. ಮಾಂಸ, ಮೀನು, ಮೊಟ್ಟೆ, ದ್ರಾಕ್ಷಾರಸ ಯಾವುದೂ ಇಲ್ಲ. ಅರಮನೆಯ ಭೋಜನದಲ್ಲಿ ಬೆಳೆದ ಶರೀರಕ್ಕೆ ಈ ನಿಯಮ ಎಷ್ಟು ಕಠಿಣವಾಗಿತ್ತೆಂಬುದನ್ನು ನಾವು ಊಹಿಸಬಹುದು. ಬ್ರಿಟ್ಟೊ ಎಂಬ ಹೆಸರು ಹೋಗಿ ಅರುಳಾನಂದರ್ ಎಂಬ ಹೆಸರು ಬಂದಿತು. ಅರುಳ್ ಎಂದರೆ ತಮಿಳಿನಲ್ಲಿ ದೇವರ ಕೃಪೆ.

ಕೊಡಗಿನಲ್ಲಿ ಹುಟ್ಟಿ ನಮ್ಮ ಹೊಲಗದ್ದೆಗಳಿಗೆ ನೀರೂಡಿಸುವ ಕಾವೇರಿ ತಮಿಳುನಾಡಿನಲ್ಲಿ ಕವಲೊಡೆದು, ಅದರ ಒಂದು ಕವಲು ಕೊಳ್ಳಿಡಂ ಎಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತದೆ. ಆ ಕೊಳ್ಳಿಡಂ ತೀರದ ಹಳ್ಳಿಗಳಲ್ಲಿ, ಸೆಂಜಿ ಮತ್ತು ತಂಜಾವೂರು ಸೀಮೆಗಳಲ್ಲಿ ಬ್ರಿಟ್ಟೊರವರು ವರ್ಷಗಟ್ಟಲೆ ದುಡಿದರು. ನೆರೆ ಬಂದಿತು, ಬರ ಬಂದಿತು, ಅರಸರ ನಡುವೆ ಯುದ್ಧಗಳಾದವು. ಊರಿಂದ ಊರಿಗೆ ನಡೆಯುವುದು, ಮರದಡಿಯಲ್ಲಿ ಇಡೀ ರಾತ್ರಿ ಪಾಪನಿವೇದನೆಗಳನ್ನು ಕೇಳುವುದು, ಬೆಳಗಿನ ಜಾವ ಬಲಿಪೂಜೆಯನ್ನು ಅರ್ಪಿಸಿ ಮತ್ತೆ ಹೊರಡುವುದು, ಇದೇ ಅವರ ದಿನಚರಿ. ಮುಂದೆ ಅವರು ಮಧುರೈ ಮಿಷನ್ನಿನ ಮುಖ್ಯಸ್ಥರಾಗಿ ನೇಮಕಗೊಂಡರು. ಮುಖ್ಯಸ್ಥರಾದ ಮೇಲೆ ಅಪಾಯದ ಸ್ಥಳಗಳಿಗೆ ಬೇರೆಯವರನ್ನು ಕಳುಹಿಸಬಹುದಿತ್ತು. ಅವರು ತಾವೇ ಹೊರಟರು.

ಮರವರ ನಾಡಿನಲ್ಲಿ

ರಾಮನಾಥಪುರದ ಸುತ್ತಲಿನ ಪ್ರದೇಶ ಮರವರ ನಾಡು. ಅಲ್ಲಿ ಆಳುತ್ತಿದ್ದವನು ಕಿಳವನ್ ಸೇತುಪತಿ ಎಂಬ ಪ್ರಬಲ ಅರಸ. ಆ ಸೀಮೆಗೆ ಅನೇಕ ವರ್ಷಗಳಿಂದ ಗುರುಗಳು ಕಾಲಿಟ್ಟಿರಲಿಲ್ಲ. 1686ರ ಮೇ ತಿಂಗಳಿನಲ್ಲಿ ಬ್ರಿಟ್ಟೊರವರು ಅಲ್ಲಿಗೆ ಪ್ರವೇಶಿಸಿದರು. ಎರಡೂವರೆ ತಿಂಗಳೊಳಗೆ ಎರಡು ಸಾವಿರಕ್ಕೂ ಮಿಕ್ಕಿದ ಜನರಿಗೆ ಜ್ಞಾನಸ್ನಾನ ಕೊಟ್ಟರು. ಜುಲೈ 17ರಂದು ಅವರನ್ನೂ ಅವರ ಸಂಗಡವಿದ್ದ ಉಪದೇಶಿಗಳನ್ನೂ ಸೇತುಪತಿಯ ಅಧಿಕಾರಿಯೊಬ್ಬನು ಬಂಧಿಸಿದನು.

ಆ ದಿನಗಳ ಹಿಂಸೆಯನ್ನು ವಿವರಿಸಲು ಮನಸ್ಸು ಬಾರದು. ಹಗ್ಗದಿಂದ ಕಟ್ಟಿ ನೀರಿನಲ್ಲಿ ಮುಳುಗಿಸಿದರು, ಉಸಿರು ನಿಲ್ಲುವ ಹೊತ್ತಿಗೆ ಮೇಲೆಳೆದು ಮತ್ತೆ ಮುಳುಗಿಸಿದರು. ಚಾವಟಿಯಿಂದ ಹೊಡೆದರು. ಬಿಸಿಲಿಗೆ ಕಾದ ಒರಟು ಬಂಡೆಯ ಮೇಲೆ ಮಲಗಿಸಿ ತುಳಿದರು. ದೇವರ ನಾಮವನ್ನು ಬಿಟ್ಟು ಬೇರೊಂದು ನಾಮವನ್ನು ಉಚ್ಚರಿಸಿದರೆ ಸಾಕು, ಬಿಡುಗಡೆ ಸಿಗುತ್ತಿತ್ತು. ಯಾರೂ ಉಚ್ಚರಿಸಲಿಲ್ಲ. ಗುರುಗಳಷ್ಟೇ ಅಲ್ಲ, ಅವರೊಡನಿದ್ದ ಉಪದೇಶಿಗಳೂ ಉಚ್ಚರಿಸಲಿಲ್ಲ. ಅವರಲ್ಲೊಬ್ಬರು ಏಟಿಗೆ ಒಂದು ಕಣ್ಣನ್ನೇ ಕಳೆದುಕೊಂಡರೆಂದು ಚರಿತ್ರೆ ಹೇಳುತ್ತದೆ. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ. ಆ ಉಪದೇಶಿಗಳು ಯೇಸುಸಭೆಯ ವ್ರತ ತೊಟ್ಟವರಲ್ಲ. ಅದೇ ನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ನಿಮ್ಮಂತಹ ಶ್ರೀಸಾಮಾನ್ಯ ವಿಶ್ವಾಸಿಗಳು. ಕಠಿಣವಾದ ಹಾದಿ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮೀಸಲಾದುದೆಂದು ಭಾವಿಸುವವರು ಆ ಒಂದು ಕಣ್ಣನ್ನು ನೆನೆಯಬೇಕು.

ಮರಣದಂಡನೆಯ ಆಜ್ಞೆ ಹೊರಟಾಗಿತ್ತು. ಆದರೆ ಸೇತುಪತಿಯು ಕೈದಿಗಳನ್ನು ರಾಮನಾಥಪುರಕ್ಕೆ ಕರೆಯಿಸಿಕೊಂಡು, ಬ್ರಿಟ್ಟೊರವರ ಉಪದೇಶವನ್ನು ತಾನೇ ಕೇಳಿ, ತನ್ನ ನಾಡಿನಲ್ಲಿ ಇನ್ನು ಮುಂದೆ ಬೋಧಿಸಕೂಡದೆಂದು ಎಚ್ಚರಿಸಿ ಬಿಡುಗಡೆ ಮಾಡಿದನು. ಇದಾದ ಬಳಿಕ ಸಭೆಯ ಶ್ರೇಷ್ಠರು ಮಿಷನ್ನಿನ ಸ್ಥಿತಿಗತಿಗಳನ್ನು ತಿಳಿಸಿ ಸಹಾಯ ತರಲೆಂದು ಅವರನ್ನು ಪ್ರತಿನಿಧಿಯಾಗಿ ಯೂರೋಪಿಗೆ ಕಳುಹಿಸಿದರು. ಹದಿನಾಲ್ಕು ವರ್ಷಗಳ ಮೇಲೆ ಅವರು ಮತ್ತೆ ಹಡಗನ್ನೇರಿದರು. 1688ರ ಸೆಪ್ಟೆಂಬರಿನಲ್ಲಿ ಲಿಸ್ಬನ್ನನ್ನು ತಲುಪಿದರು.

ಎರಡನೆಯ ಆಯ್ಕೆ

ಹೊರಟಾಗ ಇಪ್ಪತ್ತಾರರ ತರುಣ; ಬಂದಾಗ ನಲವತ್ತೊಂದು ವರ್ಷದ, ಬಿಸಿಲಿಗೆ ಬೆಂದ, ಮೈಯೆಲ್ಲ ಗಾಯದ ಗುರುತುಗಳಿದ್ದ ಸನ್ಯಾಸಿ. ಬಾಲ್ಯದ ಗೆಳೆಯ ಪೆದ್ರೊ ಈಗ ಪೋರ್ಚುಗಲ್ಲಿನ ಅರಸ. ಅರಸನ ಆನಂದಕ್ಕೆ ಪಾರವಿರಲಿಲ್ಲ. ವೃದ್ಧೆಯಾದ ತಾಯಿ ಮಗನನ್ನು ಮತ್ತೆ ಕಂಡಳು. ನಗರದ ಜನ ಅವರನ್ನು ನೋಡಲು ಮುತ್ತಿಕೊಂಡರು. ಬ್ರಿಟ್ಟೊರವರು ಮಾತ್ರ ಅಲ್ಲಿಯೂ ತಮ್ಮ ಮರವರ ನಾಡಿನ ನಿಯಮವನ್ನು ಬಿಡಲಿಲ್ಲ. ಮಾಂಸವನ್ನು ಮುಟ್ಟಲಿಲ್ಲ, ಹಾಸಿಗೆಯ ಮೇಲೆ ಮಲಗಲಿಲ್ಲ.

ಅರಸನು ಅವರನ್ನು ಲಿಸ್ಬನ್ನಿನಲ್ಲಿಯೇ ಉಳಿಸಿಕೊಳ್ಳಲು ನಿರ್ಧರಿಸಿದನು. ತನ್ನ ಮಗನಿಗೆ, ಅಂದರೆ ಮುಂದಿನ ಅರಸನಿಗೆ, ಅವರೇ ಗುರುವಾಗಿ ವಿದ್ಯೆ ಬುದ್ಧಿ ಕಲಿಸಬೇಕೆಂಬುದು ಅವನ ಆಸೆ. ಪ್ರಿಯ ವಿಶ್ವಾಸಿಗಳೇ, ಈ ಶೋಧನೆಯ ಸೂಕ್ಷ್ಮವನ್ನು ಗಮನಿಸಿರಿ. ಯಾರೂ ಅವರನ್ನು ಪಾಪಕ್ಕೆ ಕರೆಯುತ್ತಿರಲಿಲ್ಲ. ಗುರುಪಟ್ಟವನ್ನು ಬಿಡೆಂದು ಹೇಳುತ್ತಿರಲಿಲ್ಲ. ಒಬ್ಬ ರಾಜಕುಮಾರನನ್ನು ಸನ್ಮಾರ್ಗದಲ್ಲಿ ಬೆಳೆಸಿದರೆ ಒಂದು ದೇಶಕ್ಕೇ ಒಳಿತಾಗುವುದೆಂಬ ವಾದಕ್ಕೆ ತಪ್ಪು ಹೇಳುವುದು ಕಷ್ಟ. ಅರಮನೆಯಲ್ಲಿದ್ದುಕೊಂಡೇ ಮಿಷನ್ನಿಗೆ ಹಣವನ್ನೂ ಗುರುಗಳನ್ನೂ ಕಳುಹಿಸಬಹುದಿತ್ತು. ಅವರು ಈಗಾಗಲೇ ಸಾಕಷ್ಟು ನೋವುಂಡವರು; ಇನ್ನು ವಿಶ್ರಮಿಸಲಿ ಎಂದು ಸಜ್ಜನರೇ ಹೇಳುತ್ತಿದ್ದರು. ಸುಖದ ಬಾಳು ನಮ್ಮ ಬಾಗಿಲಿಗೆ ಬರುವಾಗ ಬಹುತೇಕ ಇದೇ ವೇಷದಲ್ಲಿ ಬರುತ್ತದೆ. ಕೆಟ್ಟದ್ದೆಂದು ಎದ್ದು ಕಾಣುವುದನ್ನು ದೂರ ತಳ್ಳುವುದು ಅಷ್ಟು ಕಷ್ಟವಲ್ಲ; ನ್ಯಾಯವೆಂದೇ ತೋರುವ ಸುಖವನ್ನು ಬಿಡುವುದು ಕಷ್ಟ.

ಮೊದಲನೆಯ ಆಯ್ಕೆಗೂ ಎರಡನೆಯದಕ್ಕೂ ಇರುವ ಅಂತರವನ್ನು ನಾವು ಇಲ್ಲಿ ಕಾಣಬೇಕು. ಹದಿನೈದರ ಹುಡುಗನಿಗೆ ತಾನು ಏನನ್ನು ಬಿಡುತ್ತಿದ್ದೇನೆಂಬುದು ಗೊತ್ತಿತ್ತು. ಮುಂದೆ ಏನು ಕಾದಿದೆಯೆಂಬುದು ಗೊತ್ತಿರಲಿಲ್ಲ. ಎಳೆತನದ ಉತ್ಸಾಹ ಅವನಿಗೆ ರೆಕ್ಕೆಯಾಗಿತ್ತು. ನಲವತ್ತೆರಡು ದಾಟಿದವರಿಗೆ ಆ ಉತ್ಸಾಹ ಉಳಿದಿರುವುದಿಲ್ಲ. ಆ ಬಂಡೆಯ ಕಾವು, ಆ ಚಾವಟಿಯ ಉರಿ ಅವರ ಮೈಗೆ ಗೊತ್ತಿತ್ತು. ಹಿಂದಿರುಗಿದರೆ ಈ ಸಲ ಸೇತುಪತಿ ಬಿಡುವುದಿಲ್ಲವೆಂಬುದೂ ಗೊತ್ತಿತ್ತು. ಎಲ್ಲವನ್ನೂ ಬಲ್ಲವರಾಗಿಯೇ ಅವರು ಅರಸನ ಕೋರಿಕೆಯನ್ನು ವಿನಯದಿಂದ ನಿರಾಕರಿಸಿದರು. ರಾಜಕುಮಾರನಿಗೆ ಪಾಠ ಹೇಳಲು ಪೋರ್ಚುಗಲ್ಲಿನಲ್ಲಿ ವಿದ್ವಾಂಸರ ಕೊರತೆಯಿಲ್ಲ, ಮರವರ ನಾಡಿನಲ್ಲಿ ತಮ್ಮ ಜನರಿಗೆ ಗುರುಗಳಿಲ್ಲ ಎಂಬುದು ಅವರ ನಿಲುವು. 1690ರ ಏಪ್ರಿಲ್ ತಿಂಗಳಿನಲ್ಲಿ ಅವರು ತಾಯಿಯನ್ನೂ, ಗೆಳೆಯನನ್ನೂ, ಅರಮನೆಯನ್ನೂ ಎರಡನೆಯ ಸಲ ಬಿಟ್ಟು ಹೊರಟರು. ಅದೇ ವರ್ಷದ ನವೆಂಬರಿನಲ್ಲಿ ಗೋವೆಗೆ ಬಂದಿಳಿದರು.

ತಡಿಯ ತೇವನ ಆಯ್ಕೆ

ಮರವರ ನಾಡಿಗೆ ಹಿಂದಿರುಗಿದ ಬ್ರಿಟ್ಟೊರವರು ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಗುಟ್ಟಾಗಿ ಬರುವ ವಿಶ್ವಾಸಿಗಳಿಗೆ ಸಂಸ್ಕಾರಗಳನ್ನು ನೀಡತೊಡಗಿದರು. ಆ ನಾಡಿನಲ್ಲಿ ತಡಿಯ ತೇವ ಎಂಬ ನಾಯಕನಿದ್ದನು. ಅವನು ಅರಸುಮನೆತನದವನು, ಸಿಂಹಾಸನದ ಮೇಲೆ ಅವನಿಗೆ ಹಕ್ಕಿದೆಯೆಂದು ಭಾವಿಸಿದವರು ಅನೇಕರಿದ್ದರು. ಅವನಿಗೆ ಮಾರಕವಾದ ರೋಗ ತಗುಲಿದಾಗ ಉಪದೇಶಿಯೊಬ್ಬರು ಹೋಗಿ ಶುಭಸಂದೇಶವನ್ನು ಓದಿ ಪ್ರಾರ್ಥಿಸಿದರು. ರೋಗ ವಾಸಿಯಾಯಿತು. ತಡಿಯ ತೇವನು ಜ್ಞಾನಸ್ನಾನವನ್ನು ಬೇಡಿದನು.

ಇಲ್ಲಿ ಮತ್ತೊಂದು ಪರೀಕ್ಷೆ ಎದುರಾಯಿತು. ತಡಿಯ ತೇವನಿಗೆ ಐವರು ಪತ್ನಿಯರು. ಕ್ರೈಸ್ತ ವಿವಾಹ ಒಬ್ಬ ಪುರುಷನಿಗೆ ಒಬ್ಬಳೇ ಸ್ತ್ರೀ ಎಂಬ ನಿಯಮದ ಮೇಲೆ ನಿಂತಿದೆ. ಬ್ರಿಟ್ಟೊರವರು ಕಣ್ಣು ಮುಚ್ಚಿಕೊಂಡಿದ್ದರೆ ಪ್ರಬಲ ನಾಯಕನೊಬ್ಬನ ಆಶ್ರಯ ಮಿಷನ್ನಿಗೆ ಸುಲಭವಾಗಿ ದೊರೆಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತಮಗೆ ಕಠಿಣವಾದುದನ್ನು ಆರಿಸಿಕೊಂಡವರು ದೊಡ್ಡವರಿಗೆಂದು ಶುಭಸಂದೇಶವನ್ನು ಸಡಿಲಗೊಳಿಸಲಿಲ್ಲ. ತಡಿಯ ತೇವನು ಒಪ್ಪಿಕೊಂಡನು. ಮೊದಲ ಪತ್ನಿಯನ್ನು ಉಳಿಸಿಕೊಂಡು, ಉಳಿದವರ ಜೀವನಕ್ಕೆ ಕೊರತೆಯಾಗದಂತೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟನು. ಶುಭಸಂದೇಶದಲ್ಲಿ ಬರುವ ಶ್ರೀಮಂತ ಯುವಕನು ಯೇಸುಸ್ವಾಮಿಯ ಮಾತನ್ನು ಕೇಳಿ ದುಃಖದಿಂದ ಹೊರಟುಹೋದನು. ಈ ಮರವ ನಾಯಕನು ಹೊರಟುಹೋಗಲಿಲ್ಲ. 1693ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಇನ್ನೂ ಅನೇಕರೊಡನೆ ಅವನಿಗೆ ಜ್ಞಾನಸ್ನಾನವಾಯಿತು.

ಆ ಪತ್ನಿಯರಲ್ಲಿ ಕಿರಿಯಳಾದ ಕಡಲಾಯಿ ಸೇತುಪತಿಯ ಸೋದರ ಸಂಬಂಧಿ. ಆಕೆ ಅತ್ತು ಅರಸನ ಬಳಿಗೆ ಹೋದಳು. ಆಕೆಯ ದುಃಖ ಸುಳ್ಳಾಗಿರಲಿಲ್ಲ. ಕೈಹಿಡಿದವನು ಬಿಟ್ಟುಬಿಟ್ಟಾಗ ಯಾವ ಹೆಣ್ಣಿಗೂ ನೋವಾಗುತ್ತದೆ. ಸತ್ಯದ ಹಾದಿಯಲ್ಲಿ ನಡೆಯುವವರಿಂದ ಯಾರಿಗೂ ಕಣ್ಣೀರು ಬಾರದು ಎಂದು ನಾವು ಹೇಳಲಾರೆವು. ಅರಸನಿಗೆ ಸೋದರ ಸಂಬಂಧಿಯ ಅಪಮಾನ ಒಂದು ಕಡೆ, ಸಿಂಹಾಸನದ ಹಕ್ಕುದಾರನು ಹೊಸ ಧರ್ಮದವರೊಡನೆ ಸೇರಿ ಬಲಿಷ್ಠನಾದಾನೆಂಬ ಭೀತಿ ಇನ್ನೊಂದು ಕಡೆ. ಅವನು ಗುರುಗಳನ್ನು ಹಿಡಿತರಲು ಸೈನಿಕರನ್ನು ಕಳುಹಿಸಿದನು. ಸುದ್ದಿ ಮುಂಚಿತವಾಗಿ ತಿಳಿದಿದ್ದರೂ ಬ್ರಿಟ್ಟೊರವರು ಓಡಿಹೋಗಲಿಲ್ಲ. ಜನವರಿ 8ರಂದು ಅವರ ಬಂಧನವಾಯಿತು.

ಓರಿಯೂರಿನ ವಿಭೂತಿ ಬುಧವಾರ

ರಾಮನಾಥಪುರದಲ್ಲಿಯೇ ಕೊಂದರೆ ತಡಿಯ ತೇವನ ಕಡೆಯವರು ದಂಗೆಯೇಳಬಹುದೆಂದು ಅಂಜಿದ ಸೇತುಪತಿಯು, ಗಡೀಪಾರು ಮಾಡುವಂತೆ ತೋರಿಸಿ, ಬ್ರಿಟ್ಟೊರವರನ್ನು ಓರಿಯೂರಿನಲ್ಲಿದ್ದ ತನ್ನ ಸೋದರನ ಬಳಿಗೆ ಕಳುಹಿಸಿದನು. ಕೊಲ್ಲಬೇಕೆಂಬ ಗುಪ್ತ ಆಜ್ಞೆ ಅವರ ಬೆನ್ನ ಹಿಂದೆಯೇ ಹೋಯಿತು. ಸೆರೆಮನೆಯಲ್ಲಿ ಬರೆಯಲು ಮಸಿಯಿರಲಿಲ್ಲ. ಇದ್ದಲನ್ನು ನೀರಿನಲ್ಲಿ ಕಲಸಿ, ಕಡ್ಡಿಯೊಂದನ್ನು ಲೇಖನಿಯಾಗಿಸಿ, ಅವರು ತಮ್ಮ ಜೊತೆಗುರುಗಳಿಗೆ ಕೊನೆಯ ಪತ್ರಗಳನ್ನು ಬರೆದರು. ಮರಣವನ್ನು ಸಂತೋಷದಿಂದ ಎದುರುನೋಡುತ್ತಿರುವ ವ್ಯಕ್ತಿಯೊಬ್ಬರ ಪ್ರಶಾಂತ ಮನಸ್ಸು ಆ ಪತ್ರಗಳಲ್ಲಿ ಕಾಣುತ್ತದೆ.

1693ರ ಫೆಬ್ರವರಿ 4. ಅಂದು ಧರ್ಮಸಭೆಯೆಲ್ಲ ಹಣೆಯ ಮೇಲೆ ಬೂದಿ ಧರಿಸಿ ತಪಸ್ಸುಕಾಲವನ್ನು ಪ್ರವೇಶಿಸುವ ವಿಭೂತಿ ಬುಧವಾರ. ಓರಿಯೂರಿನ ಹೊರಗೆ ನದಿಯ ದಡದ ದಿಬ್ಬಕ್ಕೆ ಬ್ರಿಟ್ಟೊರವರನ್ನು ಕರೆದೊಯ್ದರು. ಅವರು ಮಂಡಿಯೂರಿ ಪ್ರಾರ್ಥಿಸಿ, ಕೊಲೆಗಾರನಿಗೆ ತಾವಾಗಿಯೇ ಕೊರಳೊಡ್ಡಿದರು. ಖಡ್ಗದ ಹೊಡೆತಕ್ಕೆ ಶಿರಸ್ಸು ಉರುಳಿತು. ಬಳಿಕ ಕೈಕಾಲುಗಳನ್ನು ಕಡಿದು, ದೇಹವನ್ನು ಕಂಬಕ್ಕೆ ಕಟ್ಟಿ ಕಾಡುಮೃಗಗಳಿಗೆ ಬಿಟ್ಟರು. ಅವರಿಗೆ 46 ವರ್ಷ ತುಂಬಲು ಇನ್ನೂ ಇಪ್ಪತ್ತೈದು ದಿನಗಳಿದ್ದವು. ಬಾಲ್ಯದಲ್ಲಿ ಅರಮನೆಯ ಹುಡುಗರು ಹಾಸ್ಯಕ್ಕೆ ಕರೆದ ಹೆಸರು ನಿಜವಾಯಿತು.

ಸುದ್ದಿ ಲಿಸ್ಬನ್ನನ್ನು ಮುಟ್ಟಿದಾಗ ಅರಸ ಪೆದ್ರೊ ಕೃತಜ್ಞತಾ ಪೂಜೆಯನ್ನು ಏರ್ಪಡಿಸಿದನು. ಆ ಪೂಜೆಗೆ ರಕ್ತಸಾಕ್ಷಿಯ ತಾಯಿಯೂ ಬಂದಳು. ಹಿಂದೆ ಮಗನನ್ನು ಭಾರತಕ್ಕೆ ಕಳುಹಿಸಬೇಡಿರೆಂದು ಬಾಗಿಲಿಂದ ಬಾಗಿಲಿಗೆ ಅಲೆದಿದ್ದ ಅದೇ ತಾಯಿ ಅಂದು ಶೋಕದ ಕಪ್ಪು ಬಟ್ಟೆಯನ್ನು ತೊಡದೆ, ಹಬ್ಬದ ಉಡುಪಿನಲ್ಲಿ ಬಂದಳೆಂದು ಚರಿತ್ರೆ ಹೇಳುತ್ತದೆ. ಮಗ ಮಾಡಿದ ಆಯ್ಕೆಯನ್ನು ತಾಯಿಯೂ ತನ್ನದಾಗಿ ಮಾಡಿಕೊಂಡಿದ್ದಳು. ಅವರ ಅಣ್ಣ ಫೆರ್ನಾವ್ ಬರೆದ ತಮ್ಮನ ಜೀವನಚರಿತ್ರೆ 1722ರಲ್ಲಿ ಕೊಯಿಂಬ್ರಾದಲ್ಲಿ ಅಚ್ಚಾಯಿತು. 1853ರ ಆಗಸ್ಟ್ 21ರಂದು ಒಂಬತ್ತನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಒಂಬತ್ತನೆಯ ಪಯಸ್‍ರವರು, ಬ್ರಿಟ್ಟೊರವರನ್ನು ಪುನೀತರೆಂದು ಸಾರಿದರು. 1947ರ ಜೂನ್ 22ರಂದು, ನಮ್ಮ ದೇಶ ಸ್ವತಂತ್ರವಾಗಲು ಎರಡು ತಿಂಗಳೂ ಉಳಿದಿರದ ಸಮಯದಲ್ಲಿ, ಹನ್ನೆರಡನೆಯ ಪಯಸ್‍ರವರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಓರಿಯೂರು ಇಂದು ಪುಣ್ಯಕ್ಷೇತ್ರ. ರಕ್ತ ಬಿದ್ದ ನೆಲವೆಂದು ಅಲ್ಲಿಯ ಕೆಂಪು ಮರಳನ್ನು ಜನ ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುತ್ತಾರೆ. ಫೆಬ್ರವರಿ 4 ಅವರ ಸ್ಮರಣೆಯ ದಿನ.

ನಮ್ಮ ಎರಡನೆಯ ಆಯ್ಕೆ

ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದ ನಮ್ಮ ಹಿರಿಯರು ತಮ್ಮ ಆಯ್ಕೆಯನ್ನು ಮಾಡಿದರು. ಬಡತನದಲ್ಲಿದ್ದುಕೊಂಡೇ ಕಲ್ಲು ಹೊತ್ತರು, ಕೂಲಿಯ ಹಣದಲ್ಲಿ ಪಾಲು ಕೊಟ್ಟರು, ಭಾನುವಾರದ ಪೂಜೆಗೆ ದೂರದ ಹಳ್ಳಿಗಳಿಂದ ನಡೆದು ಬಂದರು. ಅದು ಮೊದಲನೆಯ ಆಯ್ಕೆ. ಅವರ ಮೊಮ್ಮಕ್ಕಳೂ ಮರಿಮಕ್ಕಳೂ ಆದ ನಮಗೆ ದೇವರ ದಯೆಯಿಂದ ಅನ್ನಕ್ಕೆ ಕೊರತೆಯಿಲ್ಲ, ವಿದ್ಯೆಗೆ ಕೊರತೆಯಿಲ್ಲ; ದೇವಾಲಯ ಮನೆಯಿಂದ ಕೂಗಳತೆಯ ದೂರದಲ್ಲಿದೆ. ಇದನ್ನೆಲ್ಲ ನಾವು ಪಾಪವೆನ್ನುವುದಿಲ್ಲ. ಆದರೆ ಅರಮನೆ ಬ್ರಿಟ್ಟೊರವರನ್ನು ಎರಡನೆಯ ಸಲ ಕರೆದಂತೆ ನಮ್ಮನ್ನೂ ಕರೆಯುತ್ತಿದೆ.

ಆ ಕರೆ ಸಣ್ಣ ಸಣ್ಣ ಸಂಗತಿಗಳಲ್ಲಿಯೇ ಕೇಳಿಬರುತ್ತದೆ. ಲಂಚ ಕೊಟ್ಟರೆ ಆಗುವ ಕೆಲಸಕ್ಕೆ ವರ್ಷಗಟ್ಟಲೆ ಕಾಯುವುದು, ಹಾಸಿಗೆ ಹಿಡಿದ ಅತ್ತೆಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು, ಆಸ್ತಿಯ ವ್ಯಾಜ್ಯದಲ್ಲಿ ತಮ್ಮನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವುದು, ದಾಂಪತ್ಯದಲ್ಲಿ ಪ್ರೀತಿ ಬತ್ತಿದಂತೆ ತೋರುವ ವರ್ಷಗಳಲ್ಲಿಯೂ ಕೊಟ್ಟ ಮಾತಿಗೆ ನಿಲ್ಲುವುದು, ಗುರುವಾಗಬೇಕೆಂದ ಮಗನನ್ನು ತಡೆಯದಿರುವುದು, ಇವೆಲ್ಲ ನಮ್ಮ ಮರವರ ನಾಡುಗಳು. ಮದುವೆಯ ದಿನ, ದೃಢೀಕರಣದ ದಿನ, ಗುರುಪಟ್ಟದ ದಿನ ನಾವೆಲ್ಲರೂ ಉತ್ಸಾಹದಿಂದ ಆರಿಸಿಕೊಂಡೆವು. ಇಪ್ಪತ್ತು ವರ್ಷಗಳ ಬಳಿಕ, ಅದರ ಬೆಲೆ ಎಷ್ಟೆಂದು ತಿಳಿದ ಮೇಲೆ, ಅದನ್ನೇ ಮತ್ತೆ ಆರಿಸಿಕೊಳ್ಳುತ್ತೇವೆಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಗುರುಗಳಾದ ನಾವೂ ಈ ಪ್ರಶ್ನೆಯಿಂದ ಹೊರತಲ್ಲ.

ಶತಮಾನೋತ್ಸವದ ದೀಪಗಳು ಆರಿದ ಮೇಲೆ, ಚಪ್ಪರವನ್ನು ಬಿಚ್ಚಿದ ಮೇಲೆ, ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನ ಸದ್ದಿಲ್ಲದೆ ಆರಂಭವಾಗುತ್ತದೆ. ಲಿಸ್ಬನ್ನಿನ ಬಂದರಿನಲ್ಲಿ ಎಲ್ಲವನ್ನೂ ಬಲ್ಲವರಾಗಿ ಎರಡನೆಯ ಸಲ ಹಡಗನ್ನೇರಿದ ಸಂತ ಜಾನ್ ಡಿ ಬ್ರಿಟ್ಟೊರವರು ನಮಗಾಗಿ ಪ್ರಾರ್ಥಿಸಲಿ. ಹಿರಿಯರು ಒಮ್ಮೆ ಆರಿಸಿಕೊಂಡ ಹಾದಿಯನ್ನು ನಾವು ಮತ್ತೊಮ್ಮೆ ಆರಿಸಿಕೊಳ್ಳುವ ಬಲವನ್ನು ಪ್ರಭು ನಮ್ಮ ಪ್ರತಿಯೊಂದು ಮನೆಗೂ ದಯಪಾಲಿಸಲಿ.